ವಾಘೋಬಾನ ಬೆಟ್ಟದಲ್ಲಿ ನೃಪತುಂಗನ ಹೆಸರು

ಬೊರಿವಲಿ ಸ್ಟೇಷನ್ನಿನ ಪೂರ್ವಕ್ಕೆ ಇಳಿದು, ರಿಕ್ಷಾಗಳ ಸಾಲು ಹಾಗೂ ಹೆದ್ದಾರಿ ದಾಟಿದರೆ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಗೇಟು. ಬೆಳಿಗ್ಗೆ ಒಳಗೆ ಕಾಲಿಟ್ಟಾಗ ಲೋಕಲ್ ರೈಲಿನ ಸದ್ದು ಇನ್ನೂ ಕಿವಿಯಲ್ಲಿತ್ತು. ಅರ್ಧ ತಾಸು ನಡೆಯುವಷ್ಟರಲ್ಲಿ ಅದು ಅಳಿಸಿಹೋಗಿ, ಎಲ್ಲೋ ಮರಕುಟಿಗ ಕುಟ್ಟುವುದು ಕೇಳಿಸತೊಡಗಿತು. ಮಳೆಗಾಲ ಆಗಷ್ಟೇ ಮುಗಿದಿತ್ತು. ತೇಗದ ಅಗಲ ಎಲೆಗಳಿಂದ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು.

ಪಶ್ಚಿಮಕ್ಕೆ ದಹಿಸರ್, ಬೊರಿವಲಿ, ಮಲಾಡ್, ಗೋರೆಗಾಂವ್. ಪೂರ್ವಕ್ಕೆ ಭಾಂಡುಪ್, ಮುಲುಂಡ್, ಠಾಣೆ. ಇವುಗಳ ನಡುವೆ ನೂರು ಚದರ ಕಿಲೋಮೀಟರಿಗೂ ಹೆಚ್ಚು ಹರಡಿದೆ ಈ ಬೆಟ್ಟಸಾಲು. ಇದರ ನೆತ್ತಿ ಜಾಂಬುಲ್‌ಮಾಳ್, 468 ಮೀಟರ್ ಎತ್ತರ. ಕೋಟಿಗಟ್ಟಲೆ ಜನರ ಮಹಾನಗರದ ಮಧ್ಯೆ ಇಷ್ಟು ಕಾಡು ಉಳಿದದ್ದು ಹೇಗೆ? ಮೊದಲ ಕಾರಣ ನೀರು. ಮುಂಬಯಿಯ ನಲ್ಲಿಗಳಿಗೆಂದು 1860ರಲ್ಲಿ ವಿಹಾರ್ ಕೆರೆ, 1879ರಲ್ಲಿ ತುಳಸಿ ಕೆರೆ ಕಟ್ಟಿದರು. ಕೆರೆಗೆ ಮಳೆನೀರು ಹರಿದುಬರಬೇಕಾದರೆ ಸುತ್ತಲ ಗುಡ್ಡ ಹಸಿರಾಗಿರಬೇಕು. ಆ ಗರಜು ಕಾಡನ್ನು ಕಾಯಿತು. ಎರಡನೆಯ ಕಾರಣ ಈ ಬೆಟ್ಟದ ದೇವರು.

ಅಪ್ಪನೆಂದು ಕರೆಸಿಕೊಂಡ ಹುಲಿ

ಈ ಬೆಟ್ಟದ ಹಳೆಯ ಮಕ್ಕಳು ವಾರ್ಲಿ ಆದಿವಾಸಿಗಳು. ಅವರ ಕೇರಿಗಳಿಗೆ ಪಾಡಾ ಎನ್ನುತ್ತಾರೆ. ಉದ್ಯಾನಕ್ಕೆ ತಾಗಿದ ಆರೆ ಕಾಲೊನಿಯ ಒಂದು ಪಾಡಾದ ಅಂಚಿನಲ್ಲಿ, ಮರದ ಬುಡದಲ್ಲಿ, ಮೊಣಕಾಲೆತ್ತರದ ಕಲ್ಲೊಂದನ್ನು ನೋಡಿದೆ. ಮೈತುಂಬ ಸಿಂಧೂರ. ಸಿಂಧೂರದ ಪದರದಡಿ ಬಾಲ ಎತ್ತಿ ನಿಂತ ಪ್ರಾಣಿಯ ಗೆರೆ, ಅದರ ಮೇಲೆ ಸೂರ್ಯ, ಚಂದ್ರ. ಮುಂದೆ ಒಡೆದ ತೆಂಗಿನಕಾಯಿಯ ಚಿಪ್ಪು. ಇವನೇ ವಾಘೋಬಾ.

ವಾಘ್ ಎಂದರೆ ಹುಲಿ. ವಿಠೋಬಾ, ಖಂಡೋಬಾ ಎಂಬಲ್ಲಿರುವ ‘ಬಾ’ ಇಲ್ಲಿಯೂ ಇದೆ. ನಮ್ಮ ‘ಅಪ್ಪ’ನ ಹಾಗೆ ಪ್ರೀತಿ, ಭಯ ಎರಡನ್ನೂ ಹೊತ್ತ ಪದ. ಹುಲಿ ಈ ಬೆಟ್ಟದಿಂದ ಮರೆಯಾಗಿ ಕಾಲವಾಯಿತು. ಈಗ ಆ ಹೆಸರಿನ ಪೂಜೆ ಚಿರತೆಗೆ. ದೀಪಾವಳಿಗೆ ಮುಂಚಿನ ದ್ವಾದಶಿ ವಾಘ್‌ಬಾರಸ್. ಅಂದು ಅವನಿಗೆ ವಿಶೇಷ ಪೂಜೆ.

“ಹೆದರಿಕೆ ಆಗುವುದಿಲ್ಲವೇ ಮಾವಶಿ?” ಎಂದು ಕಲ್ಲಿನ ಬಳಿ ಕಸ ಗುಡಿಸುತ್ತಿದ್ದ ಹಿರಿಯಾಕೆಯನ್ನು ಕೇಳಿದೆ. “ಅವನು ಅವನ ದಾರಿಯಲ್ಲಿ ಹೋಗುತ್ತಾನೆ ಮಗಾ. ಕತ್ತಲಾಗುವ ಮೊದಲು ನಾವು ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತೇವೆ” ಎಂದಳು. ದೇವರಿಗೂ ಅವನ ಹೊತ್ತನ್ನು ಬಿಟ್ಟುಕೊಡುವ ಮಾತು ಅದು.

ಪಿಲಿಚಾಮುಂಡಿಯ ಕೋಲ ನೋಡಿ ಬೆಳೆದ ತುಳುನಾಡಿನವರಿಗೆ, ಹುಲಿವಾಹನ ಮಾದಪ್ಪನಿಗೆ ನಡೆದುಕೊಳ್ಳುವ ಚಾಮರಾಜನಗರದವರಿಗೆ ಈ ಮಾತು ಹೊಸದೇನಲ್ಲ. ಮುಂಬಯಿಗೆ ಬಂದ ನಮ್ಮವರು ಇಲ್ಲಿ ಹೋಟೆಲು ಕಟ್ಟಿದರು, ಸಂಘ ಕಟ್ಟಿದರು, ಊರಿನ ದೈವಗಳನ್ನು ಇಲ್ಲಿಂದಲೇ ನೆನೆದರು. ಮನೆಯ ಹಿಂದಿನ ಬೆಟ್ಟದಲ್ಲಿ ಅದೇ ಬಳಗದ ದೇವರಿರುವುದನ್ನು ಮಾತ್ರ ಹೆಚ್ಚಿನವರು ಗಮನಿಸಲಿಲ್ಲ.

ಉದ್ಯಾನ ಮತ್ತು ಅದರ ಅಂಚು ಸೇರಿ ಇಂದು 50ರ ಆಸುಪಾಸು ಚಿರತೆಗಳಿವೆ. 2004ರ ಜೂನ್‌ನಲ್ಲಿ ಅವುಗಳ ದಾಳಿಗೆ ಹಲವರು ಜೀವ ಕಳೆದುಕೊಂಡರು. ಬೇರೆಡೆ ಹಿಡಿದ ಚಿರತೆಗಳನ್ನು ಅವಕ್ಕೆ ಗೊತ್ತಿಲ್ಲದ ಜಾಗದಲ್ಲಿ ತಂದು ಬಿಟ್ಟರೆ ಇಂಥ ಸಂಘರ್ಷ ಹೆಚ್ಚುತ್ತದೆ ಎಂದು ವನ್ಯಜೀವಿ ತಜ್ಞೆ ವಿದ್ಯಾ ಆತ್ರೇಯ ಅವರ ಅಧ್ಯಯನ ತೋರಿಸಿತು. ಚಿರತೆಗೂ ಅದರ ದಾರಿ, ಅದರ ನೆಲ ಬೇಕು. ಮಾವಶಿ ಹೇಳಿದ್ದೂ ಅದನ್ನೇ.

ಕೃಷ್ಣಗಿರಿಯ ಕಲ್ಲು

ಗೇಟಿನಿಂದ ಆರೇಳು ಕಿಲೋಮೀಟರ್ ಒಳಗೆ ಕಾನ್ಹೇರಿ. ಹೆಸರಿನ ಮೂಲ ಕೃಷ್ಣಗಿರಿ, ಅಂದರೆ ಕರಿಯ ಬೆಟ್ಟ. ಕ್ರಿಸ್ತಪೂರ್ವದಲ್ಲಿ ಶುರುವಾಗಿ ಸಾವಿರ ವರ್ಷ ಬೌದ್ಧ ಭಿಕ್ಷುಗಳು ಬಾಳಿದ ನೂರಕ್ಕೂ ಹೆಚ್ಚು ಗುಹೆಗಳು ಇಲ್ಲಿವೆ. ಮೂರನೆಯ ಗುಹೆಯ ಪಡಸಾಲೆಯ ಆಳೆತ್ತರ ಮೀರಿದ ಬುದ್ಧರನ್ನು ಎಲ್ಲರೂ ನೋಡುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಚಿಕ್ಕ ಗುಹೆಯೊಂದರ ಹೊಸ್ತಿಲ ಪಕ್ಕದ ತೊಟ್ಟಿ. ಬಂಡೆಯ ಮೇಲಿನಿಂದ ಬೆರಳಗಲದ ತೋಡು ಕೊರೆದು ಮಳೆನೀರನ್ನು ನೇರ ಅದರೊಳಗೆ ಇಳಿಸಿದ್ದಾರೆ. ಗುಹೆ ಗುಹೆಗೂ ಇಂಥ ಏರ್ಪಾಡು. ಬೆಟ್ಟದ ಮಳೆಯಿಂದ ಬಾಯಾರಿಕೆ ನೀಗಿಸಿಕೊಳ್ಳುವ ವಿದ್ಯೆ ವಿಹಾರ್ ಕೆರೆಗಿಂತ ಎಷ್ಟೋ ಶತಮಾನ ಮೊದಲೇ ಇಲ್ಲಿತ್ತು.

ಕನ್ನಡಿಗರು ಇಲ್ಲಿ ನೋಡಲೇಬೇಕಾದ್ದು ಇನ್ನೊಂದಿದೆ. ಶಕ 765, 775, 799ರ ಮೂರು ಶಾಸನಗಳಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಹೆಸರಿದೆ. ಮಳಖೇಡದಿಂದ ಆಳಿದ, ‘ಕವಿರಾಜಮಾರ್ಗ’ ಹುಟ್ಟಿದ ಆಸ್ಥಾನದ ದೊರೆ ನೃಪತುಂಗನೇ ಈತ. ಅವನ ಸಾಮಂತರಾಗಿ ಉತ್ತರ ಕೊಂಕಣ ಆಳುತ್ತಿದ್ದ ಶಿಲಾಹಾರರ ಕಾಲದಲ್ಲಿ ಕೃಷ್ಣಗಿರಿಯ ಭಿಕ್ಷುಗಳಿಗೆ ದ್ರಮ್ಮ ನಾಣ್ಯಗಳ ದತ್ತಿ ಬಿಟ್ಟದ್ದು ಇವುಗಳಲ್ಲಿ ದಾಖಲಾಗಿದೆ. ಭಿಕ್ಷುಗಳ ಬಟ್ಟೆಗೆ, ವಿಹಾರದ ದುರಸ್ತಿಗೆ, ಪುಸ್ತಕಕ್ಕೂ ಹಣ ಇಟ್ಟಿದ್ದರು. ಆ ಕಲ್ಲಿನ ಮುಂದೆ ನಿಂತಾಗ ಮಳಖೇಡ ದೂರವೆನಿಸಲಿಲ್ಲ.

ಕೊನೆಯಿಲ್ಲದ ಸುರಂಗ

ಪೋರ್ಚುಗೀಸ್ ಚರಿತ್ರಕಾರ ದಿಯೋಗೊ ದೊ ಕೌತೊ ಕಾನ್ಹೇರಿಯ ಎರಡು ಐತಿಹ್ಯಗಳನ್ನು ಬರೆದಿಟ್ಟಿದ್ದಾನೆ. ಮಗ ಸನ್ಯಾಸಿಯಾದಾನೆಂದು ಅಂಜಿದ ರಾಜನೊಬ್ಬ, ಅವನನ್ನು ಲೋಕದ ದುಃಖದಿಂದ ಮರೆಮಾಡಲು ಈ ಗುಹೆಗಳ ಅರಮನೆ ಕೊರೆಸಿದನಂತೆ. ಸಿದ್ಧಾರ್ಥನ ಕಥೆಯೇ ಈ ಬೆಟ್ಟವಿರುವ ಸಾಷ್ಟಿ ದ್ವೀಪದವರ ಬಾಯಲ್ಲಿ ಹೀಗೆ ಉಳಿದುಕೊಂಡಿತ್ತು. ಇನ್ನೊಂದು, ಗುಹೆಗಳಿಂದ ಗುಜರಾತಿನ ಖಂಭಾತಿನವರೆಗೂ ಹೋಗುವ ಸುರಂಗದ್ದು. ಅದನ್ನು ಹುಡುಕಲು ಕ್ರೈಸ್ತ ಪಾದ್ರಿಯೊಬ್ಬ ಬುತ್ತಿ ಕಟ್ಟಿಕೊಂಡು ಒಳಗಿಳಿದು, ದಿನಗಟ್ಟಲೆ ಅಲೆದು, ತುದಿ ಕಾಣದೆ ಮರಳಿದನಂತೆ.

ಇಂದು ಇದೇ ಬೆಟ್ಟದಡಿ ನಿಜವಾದ ಸುರಂಗಗಳು ಬರುತ್ತಿವೆ: ಬೊರಿವಲಿಯಿಂದ ಠಾಣೆಗೆ ಒಂದು ದಾರಿ, ಗೋರೆಗಾಂವ್‌ನಿಂದ ಮುಲುಂಡಿಗೆ ಇನ್ನೊಂದು. ಮೇಲ್ನೆಲ ಬಗೆಯದೆ ಒಳಗಿಂದ ದಾಟಿದರೆ ಮೇಲಿನ ಕಾಡು ಉಳಿಯುತ್ತದೆ ಎಂಬುದು ಸರಿಯೇ. ಆದರೆ ಸುರಂಗದ ಬಾಯಿಗಳಿಗೂ ಜಾಗ ಬೇಕು, ಮರ ಕಡಿಯಬೇಕು. 2019ರ ಅಕ್ಟೋಬರ್‌ನಲ್ಲಿ ಮೆಟ್ರೊ ಕಾರ್‌ಶೆಡ್ಡಿಗಾಗಿ ಆರೆಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮರಗಳು ಉರುಳಿದ್ದನ್ನು ನಗರ ಮರೆತಿಲ್ಲ. ಮೀಠಿ, ದಹಿಸರ್, ಪೊಯಿಸರ್ ನದಿಗಳ ಹುಟ್ಟು ಇದೇ ಬೆಟ್ಟಗಳಲ್ಲಿ. ಮರ ಹೋಗಿ ಇಲ್ಲಿನ ಮಣ್ಣು ನೀರು ಹೀರದಿದ್ದರೆ ಆ ನೀರು ಕೆಳಗಿನ ಬೀದಿಗಳಿಗೆ ಬರುತ್ತದೆ.

ಹೋಗುವವರಿಗೆ

ಉದ್ಯಾನಕ್ಕೆ ಸೋಮವಾರ ರಜೆ. ಕಾನ್ಹೇರಿಗೆ ಒಳಗಿನಿಂದ ಬಸ್ಸಿದೆ. ಅಕ್ಟೋಬರಿನಿಂದ ಫೆಬ್ರುವರಿಯವರೆಗೆ ನಡೆಯಲು ಹಿತ. ಒಳಕಾಡಿನ ದಾರಿಗಳಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು. ಎಂಟು ವರ್ಷಕ್ಕೊಮ್ಮೆ ಇಳಿಜಾರನ್ನೆಲ್ಲ ನೇರಳೆಯಾಗಿಸುವ ಕಾರ್ವಿ ಹೂವು 2024ರಲ್ಲಿ ಅರಳಿತ್ತು. ಇನ್ನು 2032ಕ್ಕೆ. ವಾರ್ಲಿಗಳು ಮನೆಯ ಗೋಡೆ ಕಟ್ಟುವುದು ಇದೇ ಕಾರ್ವಿಯ ಕಡ್ಡಿಗೆ ಸೆಗಣಿ, ಮಣ್ಣು ಮೆತ್ತಿ.

ಮುಂದಿನ ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋಗಿ. ನೃಪತುಂಗನ ಹೆಸರಿರುವ ಕಲ್ಲನ್ನು ತೋರಿಸಿ, ವಾಘೋಬಾನ ಕಥೆ ಹೇಳಿ. ತಂದ ಪ್ಲಾಸ್ಟಿಕ್ಕನ್ನು ವಾಪಸು ತನ್ನಿ, ಸಂಜೆಯಾಗುವ ಮೊದಲು ಹೊರಬನ್ನಿ. ಕತ್ತಲ ನಂತರದ ಬೆಟ್ಟ ಅವನದು.