ತೀರ್ಪು ಕಹಿಯಾದಾಗ

ನ್ಯಾಯಾಲಯದ ಕೈಯಲ್ಲಿ ಸೈನ್ಯವಿಲ್ಲ, ಖಜಾನೆಯೂ ಇಲ್ಲ. ಹಾಗಿದ್ದೂ ಅದರ ಆದೇಶ ಜಾರಿಗೆ ಬರುವುದು ಹೇಗೆ? ಸಂವಿಧಾನದ 144ನೇ ವಿಧಿಯ ಪ್ರಕಾರ ಎಲ್ಲ ಅಧಿಕಾರಿಗಳೂ ಸುಪ್ರೀಂ ಕೋರ್ಟಿಗೆ ನೆರವಾಗಬೇಕು. ಆದರೆ ಆ ವಿಧಿಗೆ ಬಲ ಬರುವುದು ಜನರ ವಿಶ್ವಾಸದಿಂದ.

ರಾಜ್ಯಶಾಸ್ತ್ರಜ್ಞ ಡೇವಿಡ್ ಈಸ್ಟನ್ 1965ರಲ್ಲಿ ಜನಬೆಂಬಲವನ್ನು ಎರಡು ಬಗೆಯಾಗಿ ವಿಂಗಡಿಸಿದರು. ಒಂದು, ನಮಗೆ ಅನುಕೂಲವಾದ ನಿರ್ಧಾರಕ್ಕೆ ಕೊಡುವ ಬೆಂಬಲ. ಇನ್ನೊಂದು, ನಿರ್ಧಾರ ಏನೇ ಇರಲಿ, ಸಂಸ್ಥೆಯ ಮೇಲೆ ಇಡುವ ನಂಬಿಕೆ. ಈ ಎರಡನೆಯದಕ್ಕೆ ಪರೀಕ್ಷೆ ಎದುರಾಗುವುದು ತೀರ್ಪು ನಮಗೆ ವಿರುದ್ಧವಾದಾಗ.

ಕಾವೇರಿ ವಿವಾದವನ್ನೇ ನೋಡಿ. 2016ರ ಸೆಪ್ಟೆಂಬರ್‌ನಲ್ಲಿ ತಮಿಳುನಾಡಿಗೆ ನೀರು ಬಿಡುವಂತೆ ಸುಪ್ರೀಂ ಕೋರ್ಟ್ ಆದೇಶಿಸಿತು. ಅದು ಮಳೆ ಕೊರತೆಯ ವರ್ಷ. ಮಂಡ್ಯದ ರೈತರ ಸಂಕಟ ನಿಜವಾದುದೇ. ಆದರೆ ಬೆಂಗಳೂರಿನಲ್ಲಿ ಬಸ್ಸುಗಳಿಗೆ ಬೆಂಕಿ ಬಿತ್ತು, ಪ್ರಾಣಹಾನಿಯೂ ಆಯಿತು. ಅದರಿಂದ ಜಲಾಶಯಕ್ಕೆ ಒಂದು ಹನಿಯೂ ಸೇರಲಿಲ್ಲ.

ವಾದ ಮುಂದುವರಿಯಿತು. 2018ರ ಫೆಬ್ರವರಿ 16ರಂದು ಅದೇ ನ್ಯಾಯಾಲಯ ಕರ್ನಾಟಕದ ಪಾಲನ್ನು 270 ಟಿಎಂಸಿಯಿಂದ 284.75 ಟಿಎಂಸಿಗೆ ಏರಿಸಿತು. ತಮಿಳುನಾಡಿನ ಪಾಲು 419ರಿಂದ 404.25ಕ್ಕೆ ಇಳಿಯಿತು. ಈ ತೀರ್ಪನ್ನು ಅವರು ಪಾಲಿಸಲಿ ಎಂದು ನಾವು ಬಯಸುವುದಾದರೆ, ನಮಗೆ ಕಹಿಯಾದುದನ್ನು ನಾವೂ ಪಾಲಿಸಬೇಕಲ್ಲವೇ?

ಹಾಗೆಂದು ಬಾಯಿ ಮುಚ್ಚಿ ಕುಳಿತುಕೊಳ್ಳಬೇಕಿಲ್ಲ. ತೀರ್ಪನ್ನು ಟೀಕಿಸಬಹುದು, ಮರುಪರಿಶೀಲನೆ ಕೋರಬಹುದು, ಶಾಂತಿಯಿಂದ ಪ್ರತಿಭಟಿಸಬಹುದು. ತೀರ್ಪು ಬದಲಾಗುವವರೆಗೆ ಪಾಲನೆ ಮಾತ್ರ ತಪ್ಪಬಾರದು. ಈ ವಿಷಯವನ್ನು ನಿಮ್ಮ ತರಗತಿಯಲ್ಲಿ ಚರ್ಚಿಸಿರಿ. ಎದುರು ಪಕ್ಷದ ವಾದವನ್ನೂ ಒಮ್ಮೆ ನೀವೇ ಮಂಡಿಸಿ ನೋಡಿರಿ.