ಮಿಡಿಸೌತೆ ಹತ್ತದ ಮೆಟ್ಟಿಲುಗಳು

ಗುಬ್ಬಿ ಎಂದೊಡನೆ ವೀರಣ್ಣನವರ ನಾಟಕ ಕಂಪನಿ ನೆನಪಾಗುವುದು ಸಹಜವೇ ಆದರೂ, ಆ ಊರು ರಂಗಭೂಮಿಗಿಂತ ಬಹು ಮೊದಲೇ ವ್ಯಾಪಾರದಿಂದ ಹೆಸರಾದದ್ದು. ಮಲೆನಾಡಿನ ನಗರ ಸೀಮೆಯ ಅಡಿಕೆಯೂ ಸುತ್ತಣ ತೋಟಗಳ ಕೊಬ್ಬರಿಯೂ ಅಲ್ಲಿ ಕೂಡಿ, ಘಟ್ಟದ ಕೆಳಗಣ ವಾಲಾಜಾಪೇಟೆಯವರೆಗೆ ಹೋಗುತ್ತಿದ್ದ ಕಾಲದಲ್ಲಿ, ಯಾವ ಊರಿನಲ್ಲಿ ಯಾರ ಮಾತು ನಂಬತಕ್ಕದ್ದು, ಎಲ್ಲಿ ಸುಂಕ ಹೆಚ್ಚು, ಯಾವ ಮಾಸದಲ್ಲಿ ಯಾವ ಮಾಲಿಗೆ ಗಿರಾಕಿ ಉಂಟು ಎಂಬ ಅರಿವೇ ವರ್ತಕನ ನಿಜವಾದ ಬಂಡವಾಳವಾಗಿತ್ತು. ಆ ಅರಿವು ತಂದೆಯಿಂದ ಮಗನಿಗೆ ದಾಟುತ್ತ, ಒಂದೊಂದೇ ಊರಾಗಿ ವಿಸ್ತರಿಸುತ್ತಿತ್ತು.

ಈ ನಿಧಾನವನ್ನೇ ಸಿದ್ಧಾಂತವಾಗಿ ನಿರೂಪಿಸಿದವರು ಸ್ವೀಡನ್ನಿನ ಉಪ್ಸಲಾ ಪಂಥದ ಯಾನ್ ಯೋಹಾನ್ಸನ್ ಮತ್ತು ಯಾನ್-ಎರಿಕ್ ವಾಲ್ನೆ ಎಂಬ ಪಂಡಿತರು. ಪರದೇಶ ವ್ಯಾಪಾರಕ್ಕೆ ಕೈಹಾಕುವ ಸಂಸ್ಥೆಯು ಮೊದಲು ಭಾಷೆ, ಆಚಾರ, ಕಾನೂನುಗಳಲ್ಲಿ ತನಗೆ ಸಮೀಪವಾದ ನೆರೆನಾಡನ್ನು ಆರಿಸಿಕೊಂಡು, ಅಲ್ಲೊಬ್ಬ ಏಜೆಂಟನನ್ನು ನೇಮಿಸಿ, ಅನುಭವ ಕೂಡಿದ ಮೇಲೆ ಸ್ವಂತ ಮಾರಾಟ ಶಾಖೆಯನ್ನು ತೆರೆದು, ಕಟ್ಟಕಡೆಗೆ ಕಾರ್ಖಾನೆಯನ್ನು ಕಟ್ಟುತ್ತದೆಂದು ಅವರು 1977ರಲ್ಲಿ ಪ್ರತಿಪಾದಿಸಿದರು. ಅದೇ ದಶಕದಲ್ಲಿ ಇಂಗ್ಲೆಂಡಿನ ಜಾನ್ ಡನ್ನಿಂಗ್, ಒಡೆತನದ ಬಲ, ನೆಲದ ಅನುಕೂಲ, ಪರರಿಗೆ ಬಿಡದೆ ತಾನೇ ನಡೆಸುವುದರ ಲಾಭ, ಈ ಮೂರೂ ಕೂಡಿದಲ್ಲಿ ಸಂಸ್ಥೆಯು ಹೊರನಾಡಿನಲ್ಲಿ ಹಣ ಹೂಡುತ್ತದೆಂದರು. ದೂರದ ಮಾರುಕಟ್ಟೆಯ ತಿಳಿವು ದುರ್ಲಭವಾಗಿದ್ದ ಲೋಕವೇ ಈ ವಾದಗಳ ಹಿನ್ನೆಲೆ. ಅಂತರ್ಜಾಲದ ಪೆಟ್ಟು ಬಿದ್ದದ್ದು ಅಲ್ಲಿಯೇ.

ಆದರೆ ನಮ್ಮ ಸೀಮೆಯಲ್ಲಿ ಈ ಮೆಟ್ಟಿಲುಗಳನ್ನು ಮೊದಲು ಹಾರಿದ ಕೀರ್ತಿಯನ್ನು ನಾನು ಮಿಡಿಸೌತೆಗೆ ಕೊಡುತ್ತೇನೆ. 1990ರ ದಶಕದಲ್ಲಿ ಕರ್ನಾಟಕದಲ್ಲಿ ಅಲ್ಪಪ್ರಮಾಣದಲ್ಲಿ ಮೊದಲಾಗಿ ತುಮಕೂರು ಜಿಲ್ಲೆಯ ಹೊಲಗಳಿಗೂ ಹಬ್ಬಿದ ಈ ಬೆಳೆಯನ್ನು ಬೆಳೆದವನು ಉಣ್ಣುವುದಿಲ್ಲ, ನೆರೆಯವನು ಕೊಳ್ಳುವುದಿಲ್ಲ. ಕಂಪನಿಯವರು ಬೀಜ, ಗೊಬ್ಬರಗಳನ್ನು ಸಾಲವಾಗಿ ಒದಗಿಸಿ, ದರವನ್ನು ಮುಂಚೆಯೇ ಗೊತ್ತುಮಾಡಿ, ಕಾಯನ್ನು ಗಾತ್ರಕ್ಕನುಸಾರವಾಗಿ ವಿಂಗಡಿಸಿ, ಉಪ್ಪುನೀರಿನಲ್ಲೋ ವಿನೆಗರಿನಲ್ಲೋ ಮುಳುಗಿಸಿ, ಪೀಪಾಯಿಗಳಲ್ಲಿ ತುಂಬಿ ಹಡಗಿಗೇರಿಸುತ್ತಾರೆ. ಹೀಗೆ ಅದು ನಮ್ಮ ಸಂತೆಯ ಮುಖವನ್ನೇ ಕಾಣದೆ ಅಮೆರಿಕ, ಫ್ರಾನ್ಸ್, ಜರ್ಮನಿ, ರಷ್ಯಾಗಳನ್ನು ಸೇರಿತು. 2020–21ರಲ್ಲಿ ಭಾರತವು 2,23,515 ಟನ್ ಸೌತೆ, ಮಿಡಿಸೌತೆಗಳನ್ನು ಕಳುಹಿಸಿ 22.3 ಕೋಟಿ ಡಾಲರ್ ಗಳಿಸಿತು. ಕೇಂದ್ರ ಸರ್ಕಾರದ ಲೆಕ್ಕದಂತೆ ಸುಮಾರು 90,000 ಸಣ್ಣ ರೈತರು 65,000 ಎಕರೆಗಳಲ್ಲಿ ಕರಾರಿನ ಮೇಲೆ ಇದನ್ನು ಬೆಳೆಯುತ್ತಾರೆ. ಕೊಳ್ಳುವವನೇ ತಿಳಿವನ್ನು ಹೊತ್ತು ಹೊಲದವರೆಗೆ ಬಂದಲ್ಲಿ ಮಾರುವವನಿಗೆ ಮೆಟ್ಟಿಲೇಕೆ?

ಅಂತರ್ಜಾಲದ ಕೆಲಸವೂ ಇದೇ ಜಾತಿಯದು. ರಾಜ್ಯವು 2014ರಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ಆರಂಭಿಸಿತು; ಗುಬ್ಬಿಗೆ ನೆರೆಯ ತಿಪಟೂರಿನ ಎಪಿಎಂಸಿಯಲ್ಲಿ ಕೊಬ್ಬರಿಯ ಲಾಟಿಗೆ ವರ್ತಕರು ಕಂಪ್ಯೂಟರಿನಲ್ಲೇ ದರ ಬರೆಯುತ್ತಾರೆ, ಹೆಚ್ಚು ಬರೆದವನಿಗೆ ಮಾಲು. ಬರೆಯುವ ಕೈ ಎಷ್ಟು ದೂರದಲ್ಲಾದರೂ ಇರಬಹುದು. ಆದರೂ ಕೊಬ್ಬರಿಯ ಬಿಳುಪನ್ನೂ ತುಮಕೂರಿನ ಮಂಡಿಯಲ್ಲಿ ಹುಣಸೆಯ ಬಣ್ಣವನ್ನೂ ಕಣ್ಣಾರೆ ನೋಡದೆ ದರ ಹೇಳಲು ಹಳೆಯ ವರ್ತಕನ ಮನಸ್ಸು ಒಪ್ಪುವುದೆಂದು ನನಗೆ ತೋರದು. ದೂರವನ್ನು ತಂತಿ ಅಳಿಸೀತು, ಸಂಶಯವನ್ನು ಯಾರಾದರೂ ಹೊಣೆ ಹೊತ್ತೇ ಅಳಿಸಬೇಕು.

ಆ ಹೊಣೆಯನ್ನು ಹೊತ್ತವನೇ ಇಂದಿನ ದೊಡ್ಡ ದಲ್ಲಾಳಿ. ಹುಡುಕಾಟದ ವೆಚ್ಚ ಇಳಿದಾಗ ಮಧ್ಯವರ್ತಿ ಮಾಯವಾಗುವನೆಂದು ಬಹುಮಂದಿ ನಂಬಿದ್ದರು. ಆದರೆ 2018ರಲ್ಲಿ ಅಮೆರಿಕದ ವಾಲ್‌ಮಾರ್ಟ್ ಬೆಂಗಳೂರಿನ ಫ್ಲಿಪ್‌ಕಾರ್ಟಿನ ಶೇ. 77ರಷ್ಟು ಪಾಲಿಗೆ 1,600 ಕೋಟಿ ಡಾಲರ್ ತೆತ್ತಿತು. ವಿದೇಶಿ ಬಂಡವಾಳದ ಆನ್‌ಲೈನ್ ಮಾರುಕಟ್ಟೆಯು ಅಲ್ಲಿ ಮಾರಾಟವಾಗುವ ಮಾಲಿಗೆ ತಾನೇ ಒಡೆಯನಾಗಕೂಡದೆಂಬ ನಿಯಮವೂ ನಮ್ಮಲ್ಲಿರುವುದರಿಂದ, ಅಷ್ಟು ಹಣಕ್ಕೆ ಮುಖ್ಯವಾಗಿ ದೊರೆತದ್ದು ಗಿರಾಕಿಯ ಅರಿವು ಮತ್ತು ನಂಬಿಕೆ, ಅಂದರೆ ಗುಬ್ಬಿಯ ವರ್ತಕನ ಆ ಹಳೆಯ ಬಂಡವಾಳವೇ. ಆದ್ದರಿಂದ ಉಪ್ಸಲಾದ ಮೆಟ್ಟಿಲುಗಳು ಸವೆದಿದ್ದರೂ, ಒಡೆತನದ ಬಲವನ್ನು ಕುರಿತ ಡನ್ನಿಂಗರ ಮಾತು ಉಡುಪು ಬದಲಿಸಿ ಬದುಕಿದೆಯೆಂದೇ ನನ್ನ ತೀರ್ಮಾನ.

ಇನ್ನು ಮಿಡಿಸೌತೆಯ ಸಂಗತಿ: ಕಾಯಿ ಚಿಕ್ಕದಾದಷ್ಟೂ ದರ ಹೆಚ್ಚು, ಒಂದು ದಿನ ಕೊಯ್ಲು ತಪ್ಪಿದರೆ ಕಾಯಿ ದಪ್ಪಗಾಗಿ ದರ್ಜೆ ಇಳಿಯುತ್ತದೆ. ಕುಣಿಗಲ್ಲಿನ ಹೊಲದಲ್ಲಿ ಆ ಕೊಯ್ಲಿಗೆ ಬೇಕಾದ ಆಳು ಇಂದಿಗೂ ಪಕ್ಕದ ಹಳ್ಳಿಯಿಂದಲೇ ಬರಬೇಕು.