ಕುಂಬು ಮರದ ಹುಳವೆಲ್ಲ ಕುರುವಾಯಿಯಲ್ಲ

ಎರಡು ವರ್ಷದ ಹಿಂದಿನ ಮಾತು. ತೋಟದ ಮೇಲಿನ ಗುಡ್ಡೆ ಬದಿಯಲ್ಲಿ ಬಿದ್ದ ಕಾಟುಮಾವಿನ ದಿಮ್ಮಿ ಕುಂಬಾಗಿತ್ತು. ಸೌದೆಗಾದೀತೋ ಅಂತ ಒಡೆದರೆ ಒಳಗೆಲ್ಲ ದಪ್ಪ ಬಿಳಿ ಹುಳಗಳು. “ಕುರುವಾಯಿಯನ್ನು ಇಲ್ಲಿ ಸಾಕಿಕೊಂಡು ತೆಂಗಿಗೆ ಮದ್ದಿಡ್ತೀರಲ್ಲ ಅಣ್ಣೇರೆ” ಎಂದು ಕೆಲಸದಾತ ನಕ್ಕ. ನನಗೂ ಹೌದೆನಿಸಿತು. ಹುಳಗಳನ್ನು ಕೋಳಿಗೆ ಹಾಕಿ ದಿಮ್ಮಿಗೆ ಬೆಂಕಿ ಕೊಟ್ಟೆ.

ಆ ವರ್ಷವೂ ತೆಂಗಿನ ಹೊಸ ಗರಿಗಳು ಕತ್ತರಿಯಲ್ಲಿ ಕತ್ತರಿಸಿದ ಹಾಗೇ ಬಂದವು. ಕುರುವಾಯಿ ಹುಟ್ಟುತ್ತಿದ್ದುದು ದಿಮ್ಮಿಯಲ್ಲಲ್ಲ, ಹಟ್ಟಿ ಹಿಂದಿನ ನನ್ನದೇ ಗೊಬ್ಬರಗುಂಡಿಯಲ್ಲಿ!

ಹಾಗಾದರೆ ದಿಮ್ಮಿಯಲ್ಲಿದ್ದದ್ದು ಯಾವುದು? ಒಡೆದ ತುಂಡುಗಳ ನಡುವೆ ದುಂಬಿಯೊಂದು ಸತ್ತು ಬಿದ್ದಿತ್ತು. ಕುರುವಾಯಿಗೆ ತಲೆ ಮೇಲೆ ಒಂದೇ ಕೊಂಬು. ಇದಕ್ಕೆ ಮುಂದೆ ಚಾಚಿದ ಇಕ್ಕುಳದಂಥ ಎರಡು. ಇದು ಸ್ಟಾಗ್ ಬೀಟಲ್, ಅಂದರೆ ಜಿಂಕೆಕೊಂಬಿನ ದುಂಬಿ. ನಮ್ಮ ಪಶ್ಚಿಮಘಟ್ಟದಲ್ಲಿರುವ ಇದರ ಒಂದು ಕುಲದ ಹೆಸರು ಓಡಾಂಟೊಲಾಬಿಸ್.

ಕೊಂಬಿನಂತೆ ಕಾಣುವುದು ನಿಜಕ್ಕೂ ದವಡೆ. ಗಂಡುಗಳು ಹೆಣ್ಣಿಗಾಗಿ ಸೆಣಸುವುದು ಇದರಲ್ಲೇ. ಮರಿಯಾಗಿದ್ದಾಗ ಚೆನ್ನಾಗಿ ತಿಂದು ಬೆಳೆದದ್ದಕ್ಕೆ ಉದ್ದ ದವಡೆ, ಸೊರಗಿದ್ದಕ್ಕೆ ಗಿಡ್ಡ. ಎರಡನ್ನೂ ಪಕ್ಕದಲ್ಲಿಟ್ಟರೆ ಬೇರೆ ಬೇರೆ ಜಾತಿಯೆಂದೇ ತೋರೀತು. ಹೆಣ್ಣಿನ ದವಡೆ ಯಾವಾಗಲೂ ಚಿಕ್ಕದು.

ಇದರ ಮರಿಹುಳ ತಿನ್ನುವುದು ಸತ್ತು, ಅಣಬೆ ಹಿಡಿದು ಮೆತ್ತಗಾದ ಮರವನ್ನು. ಹಸಿ ಮರದ ತಂಟೆಗಿಲ್ಲ. ದುಂಬಿಯಾದ ಮೇಲೆ ಮರದಿಂದ ಒಸರುವ ರಸ, ಕಳಿತ ಹಣ್ಣಿನ ರಸ ಹೀರುತ್ತದೆ. ತೆಂಗಿನ ಸುಳಿ ಕೊರೆಯುವುದಿಲ್ಲ. ಮರವನ್ನು ಪುಡಿಮಾಡಿ ಮಣ್ಣಿಗೆ ಸೇರಿಸುವ ಕೆಲಸವನ್ನು ಸಂಬಳವಿಲ್ಲದೆ ಮಾಡುತ್ತದೆ.

ಮರಿಹುಳದಲ್ಲಿ ಗುರುತು ಹಿಡಿಯುವುದು ಹೇಗೆ? ಎರಡೂ ಬೆಳ್ಳಗೆ, ಬಾಗಿಕೊಂಡೇ ಇರುತ್ತವೆ. ಹಿಂಬದಿ ತಿರುಗಿಸಿ ಗುದದ ಸೀಳು ನೋಡಿ. ಅಡ್ಡಕ್ಕಿದ್ದರೆ ಕುರುವಾಯಿಯ ಬಳಗ. ಉದ್ದಕ್ಕೆ ಸೀಳಿದಂತಿದ್ದರೆ ಜಿಂಕೆಕೊಂಬಿನದ್ದು. ಕುಂಬು ಮರದಲ್ಲೂ ಕೆಲವೊಮ್ಮೆ ಕುರುವಾಯಿ ಇರುವುದುಂಟು. ಹಾಗಾಗಿ ಸಿಕ್ಕಿದ ಜಾಗ ನೋಡಿ ತೀರ್ಮಾನಿಸಬೇಡಿ.

ಈಗ ನಾನು ಮಾಡುವುದಿಷ್ಟು: ಗೊಬ್ಬರಗುಂಡಿ ಆಗಾಗ ಮಗುಚಿ ಕುರುವಾಯಿ ಮರಿಗಳನ್ನು ಹೆಕ್ಕುತ್ತೇನೆ. ಸತ್ತ ತೆಂಗಿನ ಕಾಂಡ, ಬುಡ ಕೊಳೆಯಲು ಬಿಡುವುದಿಲ್ಲ. ಗುಡ್ಡೆ ಬದಿಯಲ್ಲಿ ಬಿದ್ದ ಕಾಡುಮರದ ದಿಮ್ಮಿಗೆ ಮಾತ್ರ ಕೊಡಲಿಯೂ ಇಲ್ಲ, ಬೆಂಕಿಯೂ ಇಲ್ಲ.

ಕಳೆದ ಮಳೆಗಾಲದಲ್ಲಿ ಜಗಲಿಯ ದೀಪಕ್ಕೆ ಅಂಥದ್ದೇ ಒಂದು ಗಂಡು ದುಂಬಿ ಬಂತು. ಮಗ ಚಪ್ಪಲಿ ಎತ್ತಿದ್ದ. “ತಡಿ, ಎಷ್ಟು ಕೊಂಬು ಎಣಿಸು” ಅಂದೆ.